ರುಚಿ ನೋಡದ ಸ್ಮೂದಿ

ನಮ್ಮವ್ವನ ಕೊನೆಯ ಹಲ್ಲು ಕಿತ್ತ ದಿನವೇ ತಾಂಡೂರಿಗೆ ಆ ವರ್ಷದ ಚಳಿ ಬಂತು. ಆಸ್ಪತ್ರೆಯಿಂದ ಆಟೋದಲ್ಲಿ ಮನೆಗೆ ಬರುವಾಗ ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಗಾಳಿಗೆ ಇರಬೇಕು ಅಂದುಕೊಂಡೆ. ಮನೆಗೆ ಬಂದ ಮೇಲೂ ತೆಗೆಯಲಿಲ್ಲ. ಮರುದಿನವೂ ತೆಗೆಯಲಿಲ್ಲ. ಸ್ವಲ್ಪ ದಿನಗಳಲ್ಲೇ ನಮ್ಮ ಮನೆಯಲ್ಲಿ ಅವ್ವನ ಮುಖ ಅಂದರೆ ಹಣೆಯ ಮೇಲಿನ ವಿಭೂತಿ ಮತ್ತು ಅದರ ಕೆಳಗಿನ ಎರಡು ಕಣ್ಣು, ಅಷ್ಟೇ ಆಗಿಬಿಟ್ಟಿತು.

ಹಲ್ಲಿದ್ದಾಗ ಆಕೆ ಹೇಗಿದ್ದಳು ಅಂತ ಹೇಳದೆ ಹೋದರೆ ನನ್ನ ಗಾಬರಿ ನಿಮಗೆ ತಿಳಿಯುವುದಿಲ್ಲ. ಕಡಕ್ ರೊಟ್ಟಿಯನ್ನು ಹಾಗೇ ಮುರಿದು ಕಟಕಟ ತಿನ್ನುತ್ತಿದ್ದ ಹೆಂಗಸು. ಕಬ್ಬು ಕೊಟ್ಟರೆ ಕುಡುಗೋಲು ಕೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆ ಓಣಿಯ ಮುದುಕಿಯರೆಲ್ಲ ಬಂದು ಸುತ್ತ ಕೂಡುತ್ತಿದ್ದರು. ಯಾರ ಸೊಸೆ ಏನಂದಳು, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಎಲ್ಲದಕ್ಕೂ ಅಲ್ಲೇ ತೀರ್ಪು. ತೀರ್ಪಿನ ಕೊನೆಗೆ ಅವ್ವ ನಗುತ್ತಿದ್ದಳು. ಆ ನಗು ನಮ್ಮ ಮನೆಯ ಹಿಂದೆ ಇರುವ ನನ್ನ ಹಾಸುಗಲ್ಲಿನ ಶೆಡ್ಡಿನಲ್ಲಿ ಪಾಲಿಶ್ ಯಂತ್ರದ ಸದ್ದನ್ನೂ ಮೀರಿ ಕೇಳುತ್ತಿತ್ತು. ಈಗ ಕಟ್ಟೆ ಖಾಲಿ. ಮುದುಕಿಯರು ಬಂದರೆ ಒಳಗಿನಿಂದಲೇ ಕೈಸನ್ನೆ ಮಾಡಿ, ಮಲಗಿದ್ದೇನೆ ಅಂತ ಹೇಳಿಸುತ್ತಿದ್ದಳು. ಮನೆ ಬಿಕೋ ಅನ್ನುತ್ತಿತ್ತು. ನನಗೆ ಖರೇನೇ ಹೆದರಿಕೆಯಾಯಿತು.

ವಸಡು ಮಾಯಬೇಕು, ಚಳಿಗಾಲ ಮುಗಿದ ಮೇಲೆ ಹಲ್ಲಿನ ಸೆಟ್ಟು ಕೂಡಿಸುತ್ತೇನೆ ಅಂತ ಹಲ್ಲಿನ ಡಾಕ್ಟರು ಹೇಳಿದ್ದರು. ಅಲ್ಲಿತನಕ ಏನು ಕೊಡಬೇಕು ಅಂತ ಕೇಳಿದೆ. "ಮೆತ್ತಗಾ ಉಂಡೇವಿ ಪೆಟ್ಟಂಡಿ. ಫ್ರೂಟ್ ಸ್ಮೂದೀಲು ಇವ್ವಂಡಿ, ಬಲಂ ವಸ್ತುಂದಿ" ಅಂದರು, ತೆಲಂಗಾಣದ ನಮ್ಮೂರಿನ ತೆಲುಗಿನಲ್ಲಿ. ಮೆತ್ತಗಿನದು ಕೊಡಿ, ಹಣ್ಣಿನ ಸ್ಮೂದಿ ಕೊಡಿ, ಶಕ್ತಿ ಬರುತ್ತದೆ ಅಂತ. ಹುಟ್ಟಿದಾಗಿನಿಂದ ಸ್ಮೂದಿ ಕುಡಿದೇ ಬೆಳೆದವನ ಹಾಗೆ ನಾನು ತಲೆ ಅಲ್ಲಾಡಿಸಿದೆ.

ನನ್ನ ಹೆಂಡತಿ ಬಶೀರಾಬಾದ್ ಕಡೆಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹಿಡಿಯುವ ಅವಸರದಲ್ಲಿ ಆಕೆ ರೊಟ್ಟಿ ಬಡಿದು ಇಡುವುದೇ ಹೆಚ್ಚು. ಸ್ಮೂದಿಯ ಮಾತು ತೆಗೆದೆ. "ನಿಮ್ಮವ್ವ, ನೀವು, ಮಿಕ್ಸರ್. ನಡುವ ನಾ ಯಾಕ್ರಿ?" ಅಂದು ಟಿಫಿನ್ ಡಬ್ಬಿ ಎತ್ತಿಕೊಂಡು ಹೋದಳು. ಹೋಗಲಿ ಬಿಡು ಅಂದುಕೊಂಡೆ. ಕಲ್ಲು ಕೊಯ್ಯುವ ಯಂತ್ರಗಳನ್ನು ಇಷ್ಟು ವರ್ಷ ನಡೆಸಿದವನಿಗೆ ಬಾಳೆಹಣ್ಣು ಯಾವ ಲೆಕ್ಕ?

ಮೊದಲು ಫೋನಿನಲ್ಲಿ ವಿಡಿಯೋ ಹಚ್ಚಿದೆ. ಬಿಳಿ ಅಡುಗೆಮನೆಯಲ್ಲಿ ನಿಂತ ಒಬ್ಬ ಹುಡುಗಿ ಜಾರಿನೊಳಗೆ ಮುಷ್ಟಿಗಟ್ಟಲೆ ಬರ್ಫಿನ ಗಡ್ಡೆ ಸುರಿದಳು. ಅದರ ಮೇಲೆ ಕಲ್ಲಿನಂತೆ ಹೆಪ್ಪುಗಟ್ಟಿದ ಯಾವುದೋ ಹಣ್ಣು, ಅದರ ಮೇಲೆ ಸೊಪ್ಪು. ಹಿಂದೆ ಬಂದು ನಿಂತಿದ್ದ ಅವ್ವ ಸೆರಗಿನ ಒಳಗಿನಿಂದಲೇ, "ಚಳಿಗಾಲದಾಗ ಬರ್ಫ್ ಕುಡಿಸಿ ನನ್ನ ಕಳಿಸಬೇಕಂತ ಮಾಡೀಯೇನು?" ಅಂದಳು. ಹಲ್ಲಿಲ್ಲದೆ ಮಾತು ಗಾಳಿಯಾಗಿ ಬರುತ್ತಿತ್ತು. ಅದು ತನಗೇ ಕೇಳಿಸಿತೇನೋ, ಸುಮ್ಮನೆ ಒಳಗೆ ಹೋದಳು.

ಆ ಹೊತ್ತಿಗೆ ಜಹೀರಾಬಾದಿನಲ್ಲಿರುವ ನಮ್ಮ ಅಕ್ಕನಿಗೆ ಸುದ್ದಿ ಹೋಗಿತ್ತು. ನಮ್ಮ ಅಕ್ಕನಿಗೆ ಚಳಿಗಾಲದಲ್ಲಿ ಯಾವ ಹಣ್ಣಿನ ಮೇಲೂ ನಂಬಿಕೆಯಿಲ್ಲ. ಬಾಳೆಹಣ್ಣು ಕಫ ಕಟ್ಟುತ್ತದೆ. ಮೋಸಂಬಿ ಗಂಟಲು ಹಿಡಿಯುತ್ತದೆ. ಪೇರಲ ಕೆಮ್ಮು ತರುತ್ತದೆ. ದ್ರಾಕ್ಷಿಯ ಹೆಸರೆತ್ತಿದರೆ ಫೋನ್ ಇಟ್ಟುಬಿಡುತ್ತಾಳೆ.

"ಮತ್ತ ಏನು ಹಾಕ್ಲಿ, ಬದನಿಕಾಯಿ ಹಾಕ್ಲೇನು?" ಅಂತ ನಾನು ರೇಗಿದೆ.

"ಪಪ್ಪಾಯಿ ಹಾಕು. ಅದು ಉಷ್ಣ. ಹಾಲು ಬೆಚ್ಚಗಿರಲಿ. ಥಂಡಿ ಹಾಲು ಹಾಕೀದಿ ಅಂತ ಗೊತ್ತಾತಂದ್ರ ನಾಳಿನ ಬಸ್ಸಿಗೇ ಬರ್ತೀನಿ ನೋಡು."

ಅಕ್ಕ ಬರುವುದನ್ನು ತಪ್ಪಿಸಲು ಹಾಲನ್ನು ಬೆಚ್ಚಗಲ್ಲ, ಕುದಿ ಬರುವ ತನಕ ಕಾಯಿಸಿದೆ. ಪಪ್ಪಾಯಿ ಹೆಚ್ಚಿ ಜಾರಿಗೆ ಹಾಕಿ, ಬಿಸಿ ಹಾಲು ಸುರಿದು, ಮುಚ್ಚಳ ಒತ್ತಿ, ಗುಂಡಿ ತಿರುಗಿಸಿದೆ. ಮುಚ್ಚಳ ಹಾರಿ ಮಾಡಿನ ಹಂಚಿಗೆ ಬಡಿಯಿತು. ಪಪ್ಪಾಯಿ ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಕನ್ನಡಕಕ್ಕೆ. ಬಿಸಿ ಹಾಲಿನ ಹಬೆಗೆ ಹೊರಗೆ ಹೋಗಲು ದಾರಿ ಬೇಕು ಅನ್ನುವುದು ಯಂತ್ರ ಬಲ್ಲ ನನಗೆ ಹೊಳೆಯದೆ ಹೋಯಿತು. ಸದ್ದಿಗೆ ಅವ್ವ ಬಾಗಿಲಿಗೆ ಓಡಿ ಬಂದಳು. ಹಳೆಯ ಅವ್ವನಾಗಿದ್ದರೆ ಆ ನನ್ನ ಮುಖ ನೋಡಿ ಓಣಿಗೆಲ್ಲ ಕೇಳುವ ಹಾಗೆ ನಗುತ್ತಿದ್ದಳು. ನಾನು ನಿಂತು ಕಾದೆ. ಆಕೆಯ ಕಣ್ಣು ಸ್ವಲ್ಪ ಕಿರಿದಾದವು. ಆದರೆ ಕೈ ಸೆರಗನ್ನು ಇನ್ನೂ ಬಿಗಿ ಹಿಡಿಯಿತು. ಚಿಂದಿ ಅರಿವೆ ತಂದು ನನ್ನ ಕೈಗೆ ಕೊಟ್ಟು ಹೋದಳು. ಗೋಡೆ ಒರೆಸುತ್ತ ನನಗೆ ಹಾಲು ಸಿಡಿದದ್ದಕ್ಕಿಂತ ಅದೇ ಹೆಚ್ಚು ಸುಟ್ಟಿತು.

ಮರುದಿನ ಹಾಲು ಆರಿಸಿ ಹಾಕಿದೆ. ಪಪ್ಪಾಯಿ, ಚಿಕ್ಕು, ನೆನೆಸಿದ ಖಜೂರ, ಚಿಟಿಕೆ ಒಣಶುಂಠಿ. ಮಿಕ್ಸರ್ ಚೆನ್ನಾಗಿ ತಿರುಗಿತು. ಚಮಚದಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿ ನೋಡಿದೆ, ಸಿಹಿ ಸರಿಯಾಗಿತ್ತು. ಹೆಮ್ಮೆಯಿಂದ ಗ್ಲಾಸಿಗೆ ಸುರಿದು ಅವ್ವನ ಮುಂದೆ ಇಟ್ಟೆ. ಆಕೆ ಪೂಜೆಗೆ ಕೂತಿದ್ದಳು.

"ನೀ ರುಚಿ ನೋಡ್ದೇನು?" ಅಂದಳು.

ನೋಡದೆ ಹೇಗೆ ಕೊಡುವುದು ಅಂದೆ. ಆಕೆ ಗ್ಲಾಸನ್ನು ಎರಡು ಬೆರಳಿನಿಂದ ನನ್ನ ಕಡೆ ಸರಿಸಿದಳು. ಆಗ ತಲೆಗೆ ಹೊಳೆಯಿತು. ನಮ್ಮವ್ವ ಏನು ತಿಂದರೂ, ಏನು ಕುಡಿದರೂ ಮೊದಲು ಅಂಗೈಯ ಮೇಲಿನ ಲಿಂಗಕ್ಕೆ ತೋರಿಸಿ, ಪ್ರಸಾದ ಮಾಡಿಕೊಂಡೇ ತೆಗೆದುಕೊಳ್ಳುವವಳು. ಬೇರೆಯವರ ನಾಲಿಗೆ ತಾಗಿದ್ದು ಎಂಜಲು. ಅದನ್ನು ಲಿಂಗಕ್ಕೆ ತೋರಿಸುವುದೆಂತು? ನಮ್ಮ ಮನೆಯಲ್ಲಿ ಅಡುಗೆಗೆ ಉಪ್ಪು ಎಷ್ಟೆಂದು ಬರೀ ಕೈಯ ಅಳತೆಯಿಂದ, ಕಣ್ಣಿನಿಂದ, ಮೂಗಿನಿಂದ ಗೊತ್ತುಮಾಡುವ ಹೆಂಗಸರು ಇದ್ದದ್ದು ಯಾಕೆ ಅಂತ ನನಗೆ ಈ ವಯಸ್ಸಿನಲ್ಲಿ ಅಡುಗೆಮನೆಗೆ ಕಾಲಿಟ್ಟ ಮೇಲೆ ತಿಳಿಯಿತು. ಆ ದಿನದ ಸ್ಮೂದಿ ಪೂರ್ತಿ ನಾನೇ ಕುಡಿದೆ.

ಅಂದಿನಿಂದ ಅವ್ವ ಕಾನೂನು ಹೊರಡಿಸಿದಳು. ಮಿಕ್ಸರಿನ ಮುಚ್ಚಳ ತೆಗೆಯದೆ ಇಡೀ ಜಾರು ಆಕೆಯ ಮುಂದೆ ಬರಬೇಕು. ಆಕೆಯೇ ತೆಗೆದು, ಲಿಂಗಕ್ಕೆ ತೋರಿಸಿ, ಆಮೇಲೆ ಗ್ಲಾಸಿಗೆ. ಈ ಕಾನೂನಿಗೆ ಒಂದು ಬಾಲವೂ ಇತ್ತು. ಒಮ್ಮೆ ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದದಲ್ಲಿ ಒಂದು ಹನಿ ಮೋರಿಗೆ ಹೋಗಬಾರದು. ಊಟದ ತಾಟನ್ನೇ ನೀರು ಹಾಕಿ ತೊಳೆದು ಆ ನೀರು ಕುಡಿಯುವವಳು ಮಿಕ್ಸರ್ ಜಾರನ್ನು ಬಿಡುತ್ತಾಳೆಯೇ? "ಬ್ಲೇಡಿನ ಬುಡಕ ಇನ್ನಾ ಅದ ನೋಡು" ಅನ್ನುತ್ತಿದ್ದಳು. ನಾನು ನೀರು ಹಾಕಿ, ಜಾರು ಅಲ್ಲಾಡಿಸಿ, ಆ ತೊಳೆದ ನೀರನ್ನು ಕುಡಿಯುತ್ತಿದ್ದೆ. ವಿಡಿಯೋದ ಹುಡುಗಿ ಕೊನೆಗೆ ಕೊಳವೆ ಹಾಕಿ ಹೀರಿ ನಗುತ್ತಿದ್ದಳು. ನಮ್ಮ ಮನೆಯ ಸ್ಮೂದಿ ಮುಗಿಯುತ್ತಿದ್ದದ್ದು ನಾನು ಜಾರಿನೊಳಗೆ ಮೂಗು ತೂರಿಸಿ ನಿಂತಾಗ.

ಏನೇ ಆಗಲಿ, ಕೈ ಕುದುರಿತು. ಒಂದು ದಿನ ಪಪ್ಪಾಯಿಗೆ ಜೋಳದ ಅರಳು ಬೀಸಿದ ಅಳ್ಳಿಟ್ಟು, ಒಂದು ದಿನ ಅಂಜೂರಕ್ಕೆ ಬಾದಾಮಿ, ಒಂದು ದಿನ ಸೇಬನ್ನು ಹಬೆಯಲ್ಲಿ ಬೇಯಿಸಿ ಮೆಣಸಿನ ಪುಡಿ ಉದುರಿಸಿ. ಫೋನಿನಲ್ಲಿ ಕೇಳಿದ ಅಕ್ಕ, "ಇದು ಸೀಕರಣಿ ಅಲ್ಲೇನೋ? ಅದಕ್ಯಾಕ ಅಷ್ಟು ದೊಡ್ಡ ಹೆಸರು?" ಅಂದಳು. ಸೀಕರಣಿ ಬೇರೆ, ಇದರಲ್ಲಿ ಸಕ್ಕರೆಯಿಲ್ಲ, ಇದು ಆರೋಗ್ಯಕ್ಕೆ ಅಂತ ನಾನು ಭಾಷಣ ಬಿಗಿದೆ. ಅವ್ವನ ಕೆನ್ನೆ ತುಂಬಿತು, ನಡಿಗೆಗೆ ಬಲ ಬಂತು. ಆದರೆ ಗ್ಲಾಸು ಕೈಗೆ ಕೊಟ್ಟರೆ ಗೋಡೆಯ ಕಡೆ ತಿರುಗಿ, ಸೆರಗಿನೊಳಗೆ ಗ್ಲಾಸು ಮರೆಮಾಡಿ ಕುಡಿಯುತ್ತಿದ್ದಳು. ಮಗನ ಮುಂದೆಯೂ ಬಾಯಿ ತೆರೆಯಲಿಲ್ಲ. ನಾನು ಹೊಟ್ಟೆಗೆ ಮದ್ದು ಕಂಡುಹಿಡಿದಿದ್ದೆ. ನಾಚಿಕೆಗೆ ಯಾವ ಹಣ್ಣು ಹಾಕಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಸೀಮೆಯಲ್ಲಿ ಚಳಿಗಾಲದ ದೊಡ್ಡ ಹಬ್ಬ ಅದೇ. ಮನೆಮಂದಿ, ನೆಂಟರು, ಓಣಿಯವರು ಎಲ್ಲ ಕೂಡಿ ಹೊಲಕ್ಕೆ ಹೋಗಿ, ನಿಂತ ಜೋಳದ ಬೆಳೆಯ ನಡುವೆ ಪೂಜೆ ಮಾಡಿ, ಅಡುಗೆಯನ್ನು ಭೂಮಿತಾಯಿಗೆ ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಕೂತು ಸಜ್ಜೆ ರೊಟ್ಟಿ, ಸೊಪ್ಪು ಕಾಳು ಬೇಯಿಸಿದ ಭಜ್ಜಿ, ಅಂಬಲಿ ಉಣ್ಣಬೇಕು. ಪ್ರತಿ ವರ್ಷ ಚರಗ ಚೆಲ್ಲುವವರ ಮುಂದೆ ಕೂಗು ಹಾಕುತ್ತ ನಡೆಯುವವಳು ಅವ್ವ. ಈ ಸಲ, "ನಾ ಬರಂಗಿಲ್ಲ. ನೀವು ಹೋಗ್ರಿ" ಅಂದಳು. ಕಾಲು ನೋಯುತ್ತವೇನು ಅಂದೆ. ಇಲ್ಲ ಅಂದಳು. ಮತ್ತೆ ಯಾಕೆ? "ಎಲ್ಲಾರ ಮುಂದ ಕುಂತು ಬಾಯಿ ಆಡಸಬೇಕಲ್ಲೋ" ಅಂದು ಗೋಡೆಯ ಕಡೆ ತಿರುಗಿದಳು. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ, ಶೆಡ್ಡಿಗೆ ಹೋಗಿ ತಪ್ಪಿಲ್ಲದ ಕೆಲಸಗಾರರನ್ನು ಬೈದು ಬಂದೆ.

ಅಮಾವಾಸ್ಯೆಯ ಹಿಂದಿನ ಭಾನುವಾರ ಬೆಳಿಗ್ಗೆಯೇ ಅಕ್ಕ ಜಹೀರಾಬಾದಿನಿಂದ ಬಂದಿಳಿದಳು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕೆಂಪು ತಿರುಳಿನ ಪೇರಲ. ಕೆಮ್ಮು ತರುತ್ತದೆ ಅಂದವಳೇ ತಂದಿದ್ದಾಳೆ! ಕೇಳಿದ್ದಕ್ಕೆ, "ಮಾಳಗಿ ಮ್ಯಾಲ ಬಿಸಿಲಿಗೆ ಇಟ್ಟು ಥಂಡಿ ತಗದೀನಿ. ಈಗ ಏನೂ ಆಗಂಗಿಲ್ಲ" ಅಂದಳು. ಆ ಚಳಿಗಾಲದಲ್ಲಿ ಇಷ್ಟು ಎಚ್ಚರಿಕೆಯ ನಡುವೆಯೂ ನೆಗಡಿ ಹಿಡಿದದ್ದು ಒಬ್ಬನಿಗೇ, ಅದು ನನಗೆ. ಮೂಗು ಪೂರ್ತಿ ಕಟ್ಟಿತ್ತು. ಈ ವಿಷಯ ನೆನಪಿಡಿ.

ಅಕ್ಕ ಬರುವ ಹಿಂದಿನ ದಿನ ಸಂಜೆ ನನ್ನ ಹೆಂಡತಿ ಹಬ್ಬಕ್ಕೆಂದು ಬೆಳ್ಳುಳ್ಳಿ ಖಾರ ಅರೆದಿದ್ದಳು. ಒಂದು ರಾಶಿ ಬೆಳ್ಳುಳ್ಳಿ, ಅದಕ್ಕೆ ತಕ್ಕ ಕೆಂಪು ಮೆಣಸಿನಕಾಯಿ. ಸಣ್ಣ ಜಾರಿಗೆ ಹಿಡಿಸಲಿಲ್ಲವೆಂದು ನನ್ನ ಸ್ಮೂದಿಯ ದೊಡ್ಡ ಜಾರಿನಲ್ಲೇ ಅರೆದು, ಜಾರನ್ನು ತಿಕ್ಕಿ ತಿಕ್ಕಿ ತೊಳೆದಿಟ್ಟಿದ್ದಳು. ಬೆಳಿಗ್ಗೆ ನಾನು ಇನ್ನೊಮ್ಮೆ ತೊಳೆದೆ. ಜಾರು ಕನ್ನಡಿಯಂತಿತ್ತು. ಮುಚ್ಚಳದ ಒಳಗಿನ ರಬ್ಬರ್ ಬಳೆಯನ್ನು ಮಾತ್ರ ಇಬ್ಬರೂ ಬಿಚ್ಚಲಿಲ್ಲ. ಶೆಡ್ಡಿನಲ್ಲಿ ದಿನಾ ಬೆಳಿಗ್ಗೆ "ಮೊದಲು ವಾಷರ್ ಬಿಚ್ಚಿ ತೊಳಿರಿ" ಅಂತ ಗಂಟಲು ಹರಿಯುವಂತೆ ಕೂಗುವ ಮನುಷ್ಯ ನಾನು.

ಪೇರಲ ಅರೆದು, ಬೀಜ ಸೋಸಿ, ಖಜೂರ, ಹಾಲು, ಶುಂಠಿ ಹಾಕಿ ಮತ್ತೆ ತಿರುಗಿಸಿದೆ. ಎಲ್ಲರಿಗೂ ಆಗಲಿ ಅಂತ ಮುಚ್ಚಳಕ್ಕೆ ತಾಗುವ ತನಕ ತುಂಬಿದ್ದೆ. ರಬ್ಬರ್ ಬಳೆಯೊಳಗೆ ಕೂತಿದ್ದ ಬೆಳ್ಳುಳ್ಳಿ ಖಾರಕ್ಕೆ ಕೆಳಗಿಳಿಯಲು ಅಷ್ಟೇ ಸಾಕಾಯಿತು. ಬಣ್ಣ ಗುಲಾಬಿ, ನೊರೆ ಮೇಲೆ. ಮೂಗಿಗೆ ಏನೂ ಗೊತ್ತಾಗಲಿಲ್ಲ, ನಾಲಿಗೆಗೆ ಅಪ್ಪಣೆ ಇರಲಿಲ್ಲ. ಜಾರು ಎತ್ತಿಕೊಂಡು ಪಡಸಾಲೆಗೆ ಬಂದೆ. ಅವ್ವ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಳು, ಸುತ್ತ ಲೋಬಾನದ ಹೊಗೆ. ಮಗಳು ಬಂದಿದ್ದಾಳೆಂದು ತಿಳಿದು ಕಟ್ಟೆಯ ಇಬ್ಬರು ಮುದುಕಿಯರು ಹೇಳದೆ ಕೇಳದೆ ಒಳಗೆ ಬಂದು ಕೂತೇಬಿಟ್ಟಿದ್ದರು. ಪೂಜೆಯ ನಡುವೆ ಏಳುವ ಹಾಗಿಲ್ಲ. ಅವ್ವ ಸಿಕ್ಕಿಬಿದ್ದಿದ್ದಳು. ಸೆರಗನ್ನು ಹಲ್ಲಿಲ್ಲದ ತುಟಿಯಲ್ಲೇ ಕಚ್ಚಿ ಹಿಡಿದು ಮುಚ್ಚಳ ತೆಗೆದಳು, ಲಿಂಗಕ್ಕೆ ತೋರಿಸಿದಳು, ಕಣ್ಣು ಮುಚ್ಚಿ ತೆರೆದಳು. ನಾನು ಎಲ್ಲರಿಗೂ ಗ್ಲಾಸು ತುಂಬಿಸಿ ಕೊಟ್ಟೆ.

ಮೊದಲು ಕುಡಿದವಳು ನನ್ನ ಹೆಂಡತಿ. ಒಂದು ಗುಟುಕಿಗೆ ಆಕೆಗೆ ಎಲ್ಲ ತಿಳಿಯಿತು. ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. ಆದರೆ ಬಾಯಿ ಬಿಡಲಿಲ್ಲ, ಯಾಕೆಂದರೆ ಪ್ರಸಾದಕ್ಕೆ ಹೆಸರಿಡಬಾರದು, ಅಂದರೆ ಹಳಿಯಬಾರದು, ಬಿಡಲೂಬಾರದು. ಕುಡಿದಳು. ಅಕ್ಕ ಕುಡಿದಳು, ಕಣ್ಣು ಅಗಲವಾದವು, ನುಂಗಿದಳು. ಮೊದಲ ಮುದುಕಿ ಗ್ಲಾಸನ್ನು ಹಣೆಗೆ ಒತ್ತಿಕೊಂಡು ಭಕ್ತಿಯಿಂದ ಎತ್ತಿ, ನಡುದಾರಿಯಲ್ಲಿ ನಿಂತುಬಿಟ್ಟಳು. ಆಮೇಲೆ ಮೂಗು ಹಿಡಿಯಬೇಕೋ ಬಿಡಬೇಕೋ ಅಂತ ಕೈ ಎತ್ತಿ, ಇಳಿಸಿ, ಕಣ್ಣೀರು ಸುರಿಸುತ್ತ ಪೂರ್ತಿ ಮುಗಿಸಿದಳು. ಎರಡನೆಯವಳು, "ಭಾಳ ಉಷ್ಣ ಅದ" ಅಂದಳು. ನಾನೂ ಕುಡಿದೆ. ಪೇರಲ, ಹಾಲು, ಖಜೂರ, ಅದರೊಳಗಿಂದ ಬೆಳ್ಳುಳ್ಳಿ ಎದ್ದು ಬಂದು ಗಂಟಲಲ್ಲಿ ಕೂತಿತು. ಹಿಂದಿನಿಂದ ಮೆಣಸಿನಕಾಯಿ. ಕಟ್ಟಿದ್ದ ಮೂಗು ಒಮ್ಮೆಗೇ ಬಿಚ್ಚಿತು. ಆರು ಜನ ಕೂತ ಪಡಸಾಲೆಯಲ್ಲಿ ಎಲ್ಲರೂ ಗಂಭೀರವಾಗಿ, ಕಣ್ಣೀರು ಒರೆಸಿಕೊಳ್ಳುತ್ತ, ನೆಲ ನೋಡುತ್ತ ಕುಡಿಯುತ್ತಿದ್ದರು.

ಅವ್ವ ಕೊನೆಗೆ ತನ್ನ ಗ್ಲಾಸು ಸೆರಗಿನೊಳಗೆ ಒಯ್ದಳು. ಮಾಯುತ್ತಿರುವ ವಸಡು, ಖಾರ! ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಒಂದು ಗುಟುಕು ಕುಡಿದಾಗಿತ್ತು. ಸೆರಗಿನ ಮೇಲಿನ ಕಣ್ಣುಗಳು ಮೊದಲು ನನ್ನನ್ನು ನೋಡಿದವು. ಆಮೇಲೆ ಅಕ್ಕನನ್ನು, ಆಮೇಲೆ ಕಣ್ಣು ಮೂಗು ಒಂದಾದ ಗೆಳತಿಯರನ್ನು. ಆ ಮೊದಲ ಮುದುಕಿಯ ತುಟಿಯ ಮೇಲೆ ಗುಲಾಬಿ ನೊರೆ ಮೀಸೆಯಂತೆ ಕೂತಿತ್ತು, ಆಕೆ ಅದನ್ನು ಒರೆಸಿಕೊಳ್ಳಲೂ ಹೆದರಿ ಕೂತಿದ್ದಳು.

ಅವ್ವನ ಭುಜ ಅಲ್ಲಾಡಿತು. ಕೆಮ್ಮು ಬಂತು ಅಂದುಕೊಂಡೆ. ಕೆಮ್ಮಲ್ಲ. ಹೊಟ್ಟೆಯ ತಳದಿಂದ ಬಂದ ನಗು ಸೆರಗಿಗೆ ಬಡಿದು, ಸೆರಗು ಜಾರಿ ತೊಡೆಯ ಮೇಲೆ ಬಿತ್ತು. ಬಾಯಿ ಪೂರ್ತಿ ತೆರೆದುಕೊಂಡಿತು. ಒಂದು ಹಲ್ಲಿಲ್ಲದ, ಬರೀ ವಸಡಿನ, ಕೂಸಿನಂಥ ಬಾಯಿ. ಆಕೆ ನಕ್ಕಳು, ಹಿಡಿದುಕೊಳ್ಳಲು ನೋಡಿದಳು, ಆಗಲಿಲ್ಲ, ಮತ್ತೆ ನಕ್ಕಳು. ಮುದುಕಿಯರಿಗೆ ಅಪ್ಪಣೆ ಸಿಕ್ಕಂತಾಯಿತು. ಅವರೂ ಶುರುವಾದರು. ಅವರಲ್ಲಿ ಒಬ್ಬಳಿಗೆ ಮುಂದಿನ ಎರಡು ಹಲ್ಲಿಲ್ಲ, ಇನ್ನೊಬ್ಬಳಿಗೆ ದವಡೆ ಖಾಲಿ ಅನ್ನುವುದು ನನಗೆ ಆವತ್ತೇ ಗೊತ್ತಾದದ್ದು. ಅಕ್ಕ ನೆಲಕ್ಕೆ ಒರಗಿ ನಕ್ಕಳು. ಹಿಂದಿನ ಶೆಡ್ಡಿನಲ್ಲಿ ಯಂತ್ರ ನಿಲ್ಲಿಸಿ ಕೆಲಸಗಾರರು ಬಾಗಿಲಿಗೆ ಬಂದು ನೋಡಿದರು.

"ಅವ್ವಾ, ಪ್ರಸಾದಕ್ಕ ಹೆಸರಿಡಬಾರದು" ಅಂದೆ ನಾನು, ಕಣ್ಣೊರೆಸಿಕೊಳ್ಳುತ್ತ.

"ಪ್ರಸಾದಕ್ಕ ಇಡಬಾರದೋ. ಮಾಡಿದವಗ ಇಡಬಹುದು!" ಅಂದಳು. ಮತ್ತೆ ಇಟ್ಟಳು ನೋಡಿ ಹೆಸರು, ಒಂದಲ್ಲ ಎರಡಲ್ಲ. ನಾನು ಕೂಸಾಗಿದ್ದಾಗಿನಿಂದ ಹಿಡಿದು ಮಾಡಿದ ದಡ್ಡತನಗಳನ್ನೆಲ್ಲ ಆ ಗೆಳತಿಯರ ಮುಂದೆ ಒಂದೊಂದಾಗಿ ತೆಗೆದಳು. ಹಲ್ಲಿಲ್ಲದ ಮಾತು ಗಾಳಿಯಾಗಿ ಹೋಗುತ್ತಿತ್ತು, ಆಕೆಗೆ ಅದರ ಖಬರೇ ಇರಲಿಲ್ಲ. ಇಷ್ಟು ಸುಖವಾಗಿ ನಾನು ಎಂದೂ ಬೈಸಿಕೊಂಡಿರಲಿಲ್ಲ. ಆಮೇಲೆ ತನ್ನ ಗ್ಲಾಸನ್ನು ನನ್ನ ಕೈಗಿಟ್ಟಳು. "ಇದನ್ನ ನೀ ಕುಡಿ, ನನ್ನ ವಸಡು ಉರೀತಾವ." ಜಾರಿಗೆ ತಾನೇ ನೀರು ಹಾಕಿ, ಗಲಗಲ ಅಲ್ಲಾಡಿಸಿ, "ಇದನ್ನೂ" ಅಂದಳು. ಕುಡಿದೆ.

ಅಮಾವಾಸ್ಯೆಯ ದಿನ ಟ್ರ್ಯಾಕ್ಟರಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ಅವ್ವ. ಚರಗದ ಮುಂದೆ ಕೂಗು ಹಾಕುತ್ತ ನಡೆದಳು. ಭಜ್ಜಿಯನ್ನು ಅಂಬಲಿಯಲ್ಲಿ ಕಲೆಸಿಕೊಂಡು ಎಲ್ಲರ ನಡುವೆ ಕೂತು ಬಾಯಿ ಆಡಿಸಿ ಉಂಡಳು. ನಡುನಡುವೆ ಪೇರಲದ ಕಥೆ ಹೇಳಿದಳು. ನಾರಾಯಣಖೇಡದಿಂದ ಬಂದ ನೆಂಟರು ಎರಡು ಸಲ ಕೇಳಿದರು, ಆಕೆ ಎರಡೂ ಸಲ ಹೇಳಿದಳು.

ಬಿಸಿಲುಗಾಲ ಬಂದ ಮೇಲೆ ಹಲ್ಲಿನ ಸೆಟ್ಟು ಬಂತು. ಸಾಲಾಗಿ, ಬಿಳಿಯಾಗಿ, ಆಕೆಯ ಸ್ವಂತ ಹಲ್ಲಿಗಿಂತ ಚಂದ. ಈಗ ರೊಟ್ಟಿ ತಿನ್ನುತ್ತಾಳೆ, ಬೆಳಿಗ್ಗೆ ಸ್ಮೂದಿಯೂ ಬೇಕು. ಕಟ್ಟೆ ಮತ್ತೆ ತುಂಬಿದೆ. ಹೊಸಬರು ಯಾರಾದರೂ ಬಂದರೆ ಮುದುಕಿಯರು ಬೆಳ್ಳುಳ್ಳಿ ಸ್ಮೂದಿಯ ಕಥೆ ಹೇಳು ಅನ್ನುತ್ತಾರೆ. ಆಗ ಅವ್ವ ನನ್ನನ್ನು ಶೆಡ್ಡಿನಿಂದ ಕೂಗಿ ಕರೆಯುತ್ತಾಳೆ. ಸೆಟ್ಟು ಹಾಕಿಕೊಂಡರೆ ಬಾಯಿ ತುಂಬ ನಗಲಿಕ್ಕೆ ಬರುವುದಿಲ್ಲವಂತೆ. ಎಲ್ಲರ ಎದುರಿಗೆ ಎರಡೂ ಸಾಲು ತೆಗೆದು, ಸೆರಗಿನಿಂದ ಒರೆಸಿ, "ಹಿಡ್ಕೊ" ಅಂತ ನನ್ನ ಅಂಗೈಯಲ್ಲಿ ಇಡುತ್ತಾಳೆ. ಗಿರಾಕಿಗಳು ಶೆಡ್ಡಿನಲ್ಲಿ ಕಾಯುತ್ತಿರುತ್ತಾರೆ. ನಾನು ಗೊಣಗುತ್ತ, ಅವ್ವನ ಹಲ್ಲು ಹಿಡಿದುಕೊಂಡು, ಆಕೆ ನಕ್ಕು ಮುಗಿಸುವ ತನಕ ನಿಂತಿರುತ್ತೇನೆ.